ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಎಷ್ಟು ದೂರ?

(ಸಂಘದ ವಾರ್ಷಿಕೋತ್ಸವದ ಅಂಗವಾಗಿ ಕೊಡಿಕೊಂಡದಲ್ಲಿ ಮಾಡಿದ ಭಾಷಣ)



ಇಂದು ನಾವು ತಮ್ಮ ಮುಂದೆ ಇಡಲಿರುವ ಪ್ರಶ್ನೆ ಬಹಳ ಚಿಕ್ಕದು. ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಎಷ್ಟು ದೂರ? ಬಸ್ಸಿನ ಕಂಡಕ್ಟರನ್ನು ಕೇಳಿದರೆ ಒಂದು ಉತ್ತರ ಬರುವುದು. ಶಾಲೆಯ ಮೇಷ್ಟರು ಭೂಪಟದ ಮೇಲೆ ಅಡಿಪಟ್ಟಿಯನ್ನಿಟ್ಟು ಎರಡನೆಯ ಉತ್ತರವನ್ನು ಹೇಳುವರು. ಮಗಳನ್ನು ಆ ಕಡೆಯ ಊರಿಗೆ ಕೊಟ್ಟಿರುವ ತಾಯಿಯನ್ನು ಕೇಳಿದರೆ ಮೂರನೆಯ ಉತ್ತರ ದೊರೆಯುವುದು. ಮೂರೂ ನಿಜವೇ. ಆದರೆ ಒಂದಕ್ಕೊಂದು ಹೊಂದುವುದಿಲ್ಲ. ಈ ಹೊಂದದಿರುವಿಕೆಯಲ್ಲಿಯೇ ಗಡಿನಾಡಿನ ಕನ್ನಡಿಗರಾದ ನಮ್ಮೆಲ್ಲರ ಕಷ್ಟವೂ ಅಡಗಿದೆ, ಅದರ ಪರಿಹಾರದ ಸುಳಿವೂ ಅಡಗಿದೆ ಎಂಬುದು ನಮ್ಮ ಅಭಿಪ್ರಾಯ. ಅದನ್ನೇ ಸ್ವಲ್ಪ ವಿಸ್ತರಿಸಿ ಹೇಳಲು ತಮ್ಮ ಅಪ್ಪಣೆಯನ್ನು ಬೇಡುತ್ತೇವೆ.

ನಮ್ಮ ಹಿರಿಯರು ದೂರವನ್ನು ಅಳೆದ ಬಗೆಯನ್ನು ಮೊದಲು ನೋಡೋಣ. ಹರದಾರಿ, ಗಾವುದ ಎಂಬ ಮಾತುಗಳನ್ನು ಇಲ್ಲಿರುವ ವೃದ್ಧರು ಬಲ್ಲರು. ಒಂದು ಹರದಾರಿ ಎಂದರೆ ಸುಮಾರು 3 ಮೈಲಿ. ನಾಲ್ಕು ಹರದಾರಿ ಕೂಡಿದರೆ ಒಂದು ಗಾವುದ. ಆದರೆ ಹಳ್ಳಿಯ ಬಾಳಿನಲ್ಲಿ ಇವಕ್ಕಿಂತ ಹೆಚ್ಚಾಗಿ ನಡೆದ ಅಳತೆಗಳು ಬೇರೆ. ಕೂಗಳತೆಯ ದೂರ, ಒಂದು ಹೊತ್ತಿನ ದಾರಿ, ಬುತ್ತಿ ಕಟ್ಟಿಕೊಂಡು ಹೋಗಬೇಕಾದ ಊರು, ರಾತ್ರಿ ತಂಗಿ ಹೋಗಬೇಕಾದ ಊರು, ಹೀಗೆ. ಇವು ನೆಲದ ಅಳತೆಗಳಲ್ಲ. ನಡೆಯುವವನ ಹೊತ್ತಿನ ಅಳತೆಗಳು, ದಣಿವಿನ ಅಳತೆಗಳು. ಈ ಪದ್ಧತಿ ನಮ್ಮ ಸೀಮೆಯಲ್ಲಿ ಬಹಳ ಹಳೆಯದು. ರಾಯದುರ್ಗಕ್ಕೆ ನೆರೆಯಾದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವೊಂದಿದೆ. ಅದರಲ್ಲಿ 256 ಎಂಬ ಸಂಖ್ಯೆಯೊಂದು ಬರುವುದು. ಊರು ಬಿಟ್ಟು ಸಂಚಾರದಲ್ಲಿ ಕಳೆದ ಇರುಳುಗಳ ಲೆಕ್ಕವೇ ಅದು ಎಂದು ಹಲವು ವಿದ್ವಾಂಸರು ಅರ್ಥ ಮಾಡಿರುವರು. ಚಕ್ರವರ್ತಿಯ ಸಂಚಾರಕ್ಕೂ ಯೋಜನಗಳ ಲೆಕ್ಕವನ್ನು ಕೊಡದೆ ಇರುಳುಗಳ ಲೆಕ್ಕವನ್ನು ಕೊಟ್ಟರೆಂದರೆ ಅದು ಎಷ್ಟು ಸಹಜವಾದ ಅಳತೆಯೆಂಬುದು ವೇದ್ಯವಾಗುವುದು.

ನೇರ ದೂರವೆಂಬುದು ಅನಂತರ ಬಂದ ವಿದ್ಯೆ. ಅದೂ ನಮಗೆ ಪರಕೀಯವಾದುದಲ್ಲ. 1802ರಲ್ಲಿ ಮದರಾಸಿನ ಬಳಿ ಲ್ಯಾಂಬ್ಟನ್ ಎಂಬ ಅಧಿಕಾರಿಯು ಆರಂಭಿಸಿದ ಮಹಾ ತ್ರಿಕೋನಮಾಪನವು ಬೆಂಗಳೂರಿನ ಪ್ರಾಂತದಿಂದ ಬಡಗಣಕ್ಕೆ ತಿರುಗಿ ಗುತ್ತಿಯ ಕಡೆಗೆ ನಡೆಯಿತು. ಕನ್ಯಾಕುಮಾರಿಯಿಂದ ಹಿಮಾಲಯದವರೆಗೆ ಭೂಮಿಯ ಬಾಗನ್ನು ಅಳೆದ ಆ ಮಹಾರೇಖೆ ಹಾದುಹೋದುದು ನಮ್ಮ ಈ ಬೆಟ್ಟಗುಡ್ಡಗಳ ಸೀಮೆಯ ಮೇಲೆಯೇ. ಅಂದು ಕಟ್ಟಿದ ತ್ರಿಕೋನಗಳ ಫಲವಾಗಿ ಇಂದು ಯಾವ ಎರಡು ಊರುಗಳ ನಡುವಣ ನೇರ ದೂರವನ್ನಾದರೂ ಹೈಸ್ಕೂಲಿನ ಹುಡುಗನು ಕಾಗದದ ಮೇಲೆ ಲೆಕ್ಕ ಹಾಕಬಹುದು. ಮಕ್ಕಳೂ ಇಲ್ಲಿ ನೆರೆದಿರುವುದರಿಂದ ಆ ಲೆಕ್ಕವನ್ನು ಮಾಡಿಯೇ ತೋರಿಸುತ್ತೇವೆ.

ಹಿಂದೂಪುರ ಇರುವುದು ಸುಮಾರು 13 ಡಿಗ್ರಿ 50 ಮಿನಿಟು ಉತ್ತರ ಅಕ್ಷಾಂಶ, 77 ಡಿಗ್ರಿ 29 ಮಿನಿಟು ಪೂರ್ವ ರೇಖಾಂಶದಲ್ಲಿ. ಕಲ್ಯಾಣದುರ್ಗ ಇರುವುದು ಸುಮಾರು 14 ಡಿಗ್ರಿ 33 ಮಿನಿಟು ಉತ್ತರ, 77 ಡಿಗ್ರಿ 6 ಮಿನಿಟು ಪೂರ್ವದಲ್ಲಿ. ಅಕ್ಷಾಂಶದ ವ್ಯತ್ಯಾಸ 43 ಮಿನಿಟು. ಮಿನಿಟಿಗೆ ಸುಮಾರು 1.85 ಕಿಲೋಮೀಟರಿನಂತೆ ಉತ್ತರಕ್ಕೆ 80 ಕಿಲೋಮೀಟರು ಆಯಿತು. ರೇಖಾಂಶದ ವ್ಯತ್ಯಾಸ 23 ಮಿನಿಟು. ನಮ್ಮ ಸೀಮೆಯಲ್ಲಿ ಮಿನಿಟಿಗೆ 1.8 ಕಿಲೋಮೀಟರಿನಂತೆ ಪಶ್ಚಿಮಕ್ಕೆ 41 ಕಿಲೋಮೀಟರು ಆಯಿತು. ಈ ಎರಡೂ ಒಂದು ಲಂಬಕೋನ ತ್ರಿಭುಜದ ಎರಡು ಭುಜಗಳು. ಅದರ ಕರ್ಣವೇ ನಮಗೆ ಬೇಕಾದ ದೂರ. 80ರ ವರ್ಗಕ್ಕೆ 41ರ ವರ್ಗವನ್ನು ಕೂಡಿ ವರ್ಗಮೂಲವನ್ನು ತೆಗೆದರೆ ಬರುವುದು 90 ಕಿಲೋಮೀಟರು, ಎಂದರೆ 56 ಮೈಲಿ. ಕಾಗೆ ಹಾರುವ ದೂರ ಇದು.

ಆ ಕಾಗೆಯ ದಾರಿಯನ್ನು ಭೂಪಟದ ಮೇಲೆ ಗೆರೆ ಎಳೆದು ನೋಡಿದರೆ ಒಂದು ಸ್ವಾರಸ್ಯ ಕಾಣುವುದು. ಹೊರಡುವುದೂ ಆಂಧ್ರಪ್ರದೇಶದ ಊರು, ಮುಟ್ಟುವುದೂ ಆಂಧ್ರಪ್ರದೇಶದ ಊರು. ಆದರೆ ಗೆರೆ ನಡುವೆ ಹಾದುಹೋಗುವುದು ಕರ್ನಾಟಕದ ಪಾವಗಡ ತಾಲ್ಲೂಕಿನ ಮೇಲೆ. ತುಮಕೂರು ಜಿಲ್ಲೆಗೆ ಸೇರಿದ ಪಾವಗಡವನ್ನು ಮೂರು ಕಡೆ ಆಂಧ್ರವು ಸುತ್ತುಗಟ್ಟಿದೆ. ಅದರ ಪಕ್ಕದಲ್ಲಿಯೇ ಇರುವ ಮಡಕಶಿರಾ ಸೀಮೆಯನ್ನು ಮೂರು ಕಡೆ ಕರ್ನಾಟಕವು ಸುತ್ತುಗಟ್ಟಿದೆ. ಎರಡು ಕೈಗಳ ಬೆರಳುಗಳನ್ನು ಒಂದರೊಳಗೊಂದು ಹೆಣೆದಂತೆ ಈ ಎರಡು ರಾಜ್ಯಗಳು ಇಲ್ಲಿ ಹೆಣೆದುಕೊಂಡಿವೆ. ಉತ್ತರ ಪಿನಾಕಿನಿಯು ನಂದಿಯ ಬೆಟ್ಟಗಳ ಬಳಿ ಹುಟ್ಟಿ ಗೌರಿಬಿದನೂರಿನ ಕಡೆಯಿಂದ ಹಿಂದೂಪುರದ ಸೀಮೆಗೆ ಬಂದು, ಪಾವಗಡದ ನಾಗಲಮಡಿಕೆಯನ್ನೂ ಮುಟ್ಟಿ ಮುಂದೆ ಹೋಗುವುದು. ನದಿಗೆ ಗಡಿಯಿಲ್ಲ, ಕಾಗೆಗೂ ಗಡಿಯಿಲ್ಲ. ಅದಿರುವುದು ನಮಗೆ ಮಾತ್ರ.

ಈಗ ಹೊತ್ತಿನ ಲೆಕ್ಕಕ್ಕೆ ಬರೋಣ. ಗಂಟೆಗೆ 270 ಕಿಲೋಮೀಟರು ಹಾರುವ ಒಂದು ಸಣ್ಣ ವಿಮಾನ ನಮಗೆ ದೊರೆಯಿತೆಂದು ಇಟ್ಟುಕೊಳ್ಳೋಣ. 90 ಕಿಲೋಮೀಟರಿಗೆ ಅದಕ್ಕೆ ಬೇಕಾದುದು 20 ಮಿನಿಟು. ಹಿಂದೂಪುರದಲ್ಲಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಹೊರಟವರು ಅದರ ರಸ ಆರುವ ಮೊದಲೇ ಕಲ್ಯಾಣದುರ್ಗದಲ್ಲಿ ಇಳಿಯಬಹುದು. ನೆಲದ ದಾರಿಯಾದರೋ ತಿರುವುಮುರುವಾಗಿ 100 ಕಿಲೋಮೀಟರನ್ನು ಮೀರುವುದು. ಊರೂರಿಗೆ ನಿಂತು ಹೋಗುವ ಬಸ್ಸಿಗೆ ಗಂಟೆಗೆ 35 ಕಿಲೋಮೀಟರಿನಂತೆ ಹಿಡಿದರೆ ಮೂರು ಗಂಟೆಯಾಯಿತು. ನಡುವೆ ಬಸ್ಸು ಬದಲಿಸಿ ಕಾಯುವ ಹೊತ್ತನ್ನೂ ಸೇರಿಸಿದರೆ ಅರ್ಧ ಹಗಲು ಕಳೆಯಿತು.

ಇದರ ಜೊತೆಗೆ ಇನ್ನೊಂದು ಲೆಕ್ಕವನ್ನು ಇಟ್ಟು ನೋಡಬೇಕು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಬೆಂಗಳೂರಿನ ಹೊಸ ವಿಮಾನ ನಿಲ್ದಾಣವು ಆರಂಭವಾಯಿತು. ನಾವು ಈಗ ನೆರೆದಿರುವ ಕೊಡಿಕೊಂಡಕ್ಕೆ ಅದು ಸುಮಾರು 70 ಕಿಲೋಮೀಟರು. ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ 44ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ನೆಟ್ಟಗೆ ಹೋದರಾಯಿತು. ಅಲ್ಲಿಂದ ದಿಲ್ಲಿಗೆ 1,700 ಕಿಲೋಮೀಟರು; ವಿಮಾನವು ಹತ್ತಿರ ಹತ್ತಿರ ಮೂರು ಗಂಟೆಗಳೊಳಗೆ ಮುಟ್ಟಿಸುವುದು. ಎಂದರೆ ದಿಲ್ಲಿಗೆ ಹಾರುವುದಕ್ಕೆ ಎಷ್ಟು ಹೊತ್ತೋ, ಹಿಂದೂಪುರದ ಕನ್ನಡಿಗನು ಕಲ್ಯಾಣದುರ್ಗದ ಕನ್ನಡಿಗನ ಮನೆಯ ಬಾಗಿಲನ್ನು ತಟ್ಟುವುದಕ್ಕೂ ಅಷ್ಟೇ ಹೊತ್ತು, ಅಥವಾ ಅದಕ್ಕಿಂತ ಹೆಚ್ಚು. ಗಡಿಯಾರದ ಲೆಕ್ಕದಲ್ಲಿ ದಿಲ್ಲಿ ನೆರೆಮನೆಯಾಯಿತು, ನೆರೆಯೂರು ದಿಲ್ಲಿಯಾಯಿತು.

ಇಂಥ ದೂರ ನಮಗೊಬ್ಬರಿಗೇ ಬಂದುದಲ್ಲ. ಭೂಮಿಯ ಉತ್ತರದ ತುದಿಯಲ್ಲಿ, ಕೆನಡಾ ದೇಶದ ನುನಾವುತ್ ಎಂಬ ಪ್ರಾಂತದಲ್ಲಿ 25 ಊರುಗಳಿವೆ. ಅವುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ರಸ್ತೆಯೇ ಇಲ್ಲ. ಅಲ್ಲಿಯ ಜನ ಬಹುಮಟ್ಟಿಗೆ ಇನುಯಿಟರು. ಆ ಊರುಗಳಲ್ಲಿ ಅತ್ಯಂತ ಉತ್ತರಕ್ಕಿರುವುದು ಗ್ರೀಸ್ ಫಿಯರ್ಡ್. ಅವರ ನುಡಿಯಲ್ಲಿ ಅದರ ಹೆಸರಿಗೆ ಹಿಮ ಕರಗದ ತಾಣವೆಂದು ಅರ್ಥ. 2021ರ ಜನಗಣತಿಯಂತೆ ಅಲ್ಲಿಯ ಜನಸಂಖ್ಯೆ 144. ಅದಕ್ಕೆ ನೆರೆಯ ಊರು ರೆಸಲ್ಯೂಟ್. ಬೆಳಗು ಕಾಣದ ತಾಣವೆಂದು ಅದರ ಹೆಸರು. ಈ ಎರಡು ಊರುಗಳ ರೇಖಾಂಶಕ್ಕೆ ಸುಮಾರು 12 ಡಿಗ್ರಿ ವ್ಯತ್ಯಾಸವಿದೆ. ನಮ್ಮ ಸೀಮೆಯಲ್ಲಿ 12 ಡಿಗ್ರಿ ಎಂದರೆ ಸುಮಾರು 1,300 ಕಿಲೋಮೀಟರು. ಹಿಂದೂಪುರದಿಂದ ಅಷ್ಟು ಮೂಡಲಿಗೆ ಹೋದರೆ ಬಂಗಾಳ ಕೊಲ್ಲಿಯ ನಡುನೀರಿನಲ್ಲಿರುತ್ತೇವೆ. ಆದರೆ ಧ್ರುವದ ಕಡೆಗೆ ಹೋದಂತೆಲ್ಲ ರೇಖಾಂಶಗಳು ಒಂದಕ್ಕೊಂದು ಸಮೀಪಿಸುವುದರಿಂದ ಅಲ್ಲಿ ಡಿಗ್ರಿಗೆ 28 ಕಿಲೋಮೀಟರು ಮಾತ್ರ. ಆದುದರಿಂದ ಆ ಊರುಗಳ ನಡುವಣ ನೇರ ದೂರ ಸುಮಾರು 385 ಕಿಲೋಮೀಟರು. ಚಿಕ್ಕ ಜಲ್ಲಿನೆಲದ ಮೇಲೂ ಇಳಿಯಬಲ್ಲ ಟ್ವಿನ್ ಆಟರ್ ಎಂಬ ಜೋಡಿ ಎಂಜಿನ್ನಿನ ವಿಮಾನಕ್ಕೆ ಅದು ಒಂದೂವರೆ ಗಂಟೆಯ ಹಾದಿ.

ಗಾಳಿ ಎದ್ದರೆ, ಮಂಜು ಮುಸುಕಿದರೆ ಆ ಒಂದೂವರೆ ಗಂಟೆ ದಿನಗಟ್ಟಲೆ ಬೆಳೆಯುವುದು. ಭಾರವಾದ ಸಾಮಾನುಗಳು ಬರುವುದು ಬೇಸಗೆಯಲ್ಲಿ ಹಿಮ ಒಡೆದಾಗ ಬರುವ ಹಡಗಿನಲ್ಲಿ. ಅಂಥ ಚಿಕ್ಕ ಊರುಗಳ ಗರ್ಭಿಣಿಯರು ಹೆರಿಗೆಗಾಗಿ ವಾರಗಳ ಮುಂಚೆಯೇ ದೊಡ್ಡ ಊರಿಗೆ ಹಾರಿ ಹೋಗಿ ಕಾದಿರಬೇಕು. ಆದರೂ ಆ ಊರುಗಳು ಉಳಿದಿವೆ. ಅವು ಹುಟ್ಟಿದ ಬಗೆಯೂ ಮರೆಯತಕ್ಕುದಲ್ಲ. 1953ರಲ್ಲಿಯೂ 1955ರಲ್ಲಿಯೂ ಅಲ್ಲಿಯ ಸರ್ಕಾರವು ದಕ್ಷಿಣದಲ್ಲಿದ್ದ ಇನುಯಿಟ್ ಕುಟುಂಬಗಳನ್ನು ಹಡಗಿನಲ್ಲಿ ಸಾಗಿಸಿ ಆ ಹಿಮದ ದಡದಲ್ಲಿ ಇಳಿಸಿತು. ಎರಡು ವರ್ಷಗಳ ಮೇಲೆ ಹಿಂದಿರುಗಬಹುದೆಂದು ಹೇಳಿದ ಮಾತು ನಡೆಯಲಿಲ್ಲ. 2010ರಲ್ಲಿ ಸರ್ಕಾರವು ಅದಕ್ಕಾಗಿ ಕ್ಷಮೆಯನ್ನು ಕೇಳಿತು. ಭೂಪಟದ ಮೇಲೆ ಯಾರೋ ಇಟ್ಟ ಚುಕ್ಕೆಯಿಂದ ನಿಜವಾದ ಮನುಷ್ಯರ ಬಾಳು ಹೇಗೆ ದೂರವಾಯಿತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಅವರ ಕಷ್ಟಕ್ಕೆ ನಮ್ಮದನ್ನು ಸರಿಗಟ್ಟುವುದು ಉಚಿತವಲ್ಲ. ನಮ್ಮನ್ನು ಯಾರೂ ಎಲ್ಲಿಗೂ ಸಾಗಿಸಲಿಲ್ಲ. ನಾವು ಇದ್ದಲ್ಲಿಯೇ ಇದ್ದೆವು. ಗೆರೆ ಬಂದು ನಮ್ಮ ಪಕ್ಕದಲ್ಲಿ ಕುಳಿತಿತು. ನೊಳಂಬರ ಕಾಲದಲ್ಲಿ ಹೆಂಜೇರು, ಎಂದರೆ ಇಂದಿನ ಹೇಮಾವತಿ, ರಾಜಧಾನಿಯಾಗಿದ್ದಾಗ ಈ ಸೀಮೆಯ ಬಹುಭಾಗವು ನೊಳಂಬವಾಡಿ ಎಂಬ ಒಂದೇ ನಾಡಾಗಿತ್ತು. ಅಲ್ಲಿಯ ಕನ್ನಡ ಶಾಸನಗಳು ಇಂದಿಗೂ ಸಾಕ್ಷಿ ಹೇಳುತ್ತಿವೆ. ಇಲ್ಲಿಂದ 16 ಕಿಲೋಮೀಟರಿನ ಲೇಪಾಕ್ಷಿಯ ವೀರಭದ್ರಸ್ವಾಮಿಯ ಗುಡಿಯಲ್ಲಿಯೂ ಕನ್ನಡದ ಅಕ್ಷರಗಳನ್ನು ಓದಬಹುದು. ಅನಂತರ 1800ರಲ್ಲಿ ಈ ಪ್ರಾಂತ ನಿಜಾಮನಿಂದ ಕಂಪನಿಯ ಕೈಗೆ ಬಂದಿತು. 1882ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರ ಜಿಲ್ಲೆಯನ್ನು ಮಾಡಿದರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗಗಳು ಬಳ್ಳಾರಿಯಿಂದ ಬೇರೆಯಾದವು. 2022ರ ಏಪ್ರಿಲ್ 4ರಂದು ಜಿಲ್ಲೆಗಳನ್ನು ಪುನಃ ಒಡೆದಾಗ ಹಿಂದೂಪುರ, ಮಡಕಶಿರಾಗಳು ಪುಟ್ಟಪರ್ತಿಯನ್ನು ಮುಖ್ಯಸ್ಥಳವಾಗಿ ಉಳ್ಳ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು. ಕಲ್ಯಾಣದುರ್ಗವು ಅನಂತಪುರದಲ್ಲಿಯೇ ಉಳಿಯಿತು. ಕಚೇರಿಯ ಕೆಲಸಕ್ಕೆ ಹಿಂದೂಪುರದವರಿಗೆ ಇದರಿಂದ ದಾರಿ ಕಡಿಮೆಯಾಯಿತು, ಸಂತೋಷ. ಆದರೆ ಎರಡು ಊರುಗಳ ಕನ್ನಡಿಗರು ಒಂದೇ ಜಿಲ್ಲಾ ಕಚೇರಿಯ ಮುಂದೆ ಸೇರುವ ಸಂದರ್ಭವೂ ಅದರೊಡನೆ ತಪ್ಪಿತು.

ಗಡಿಯ ಗುಣ ಏನೆಂದರೆ, ಅದು ದಾರಿಯನ್ನು ಕಡಿಯುವುದಿಲ್ಲ, ದಾರಿಯ ಮೇಲಿನ ಬಸ್ಸನ್ನು ಕಡಿಮೆ ಮಾಡುವುದು. ರಾಜ್ಯದ ಬಸ್ಸು ತನ್ನ ಮುಖ್ಯಸ್ಥಳದ ಕಡೆಗೆ ಮುಖ ಮಾಡಿ ಓಡುವುದು ಸ್ವಾಭಾವಿಕ. ಆಚೆಯ ರಾಜ್ಯದ ಬಸ್ಸೂ ತನ್ನ ಕಡೆಗೆ ಮುಖ ಮಾಡುವುದು. ನಡುವೆ ಇರುವ ಊರುಗಳು ಎರಡಕ್ಕೂ ಬೆನ್ನಾಗುವುವು. ರೈಲಿನ ಮಾತಿಗೆ ಬಂದರೆ, ಹಿಂದೂಪುರಕ್ಕೆ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿಯೇ ಹಳಿ ಬಂದಿತು. ಬೆಂಗಳೂರು ಎರಡು ಗಂಟೆಗಳ ಆಸುಪಾಸಿನ ಊರಾಯಿತು. ಕಲ್ಯಾಣದುರ್ಗದವರು ನೂರು ವರ್ಷಕ್ಕಿಂತ ಹೆಚ್ಚು ಕಾಲ ಕಾಯಬೇಕಾಯಿತು. 2007-08ರಲ್ಲಿ ಮಂಜೂರಾದ ತುಮಕೂರು-ರಾಯದುರ್ಗ ಮಾರ್ಗ ಸುಮಾರು 200 ಕಿಲೋಮೀಟರಿನದು. ಮಧುಗಿರಿ, ಪಾವಗಡ, ಕಲ್ಯಾಣದುರ್ಗಗಳನ್ನು ಒಂದೇ ದಾರದಲ್ಲಿ ಪೋಣಿಸುವ ಮಾರ್ಗ ಅದು. ರಾಯದುರ್ಗದ ಕಡೆಯಿಂದ ಹಳಿಯು ಕಲ್ಯಾಣದುರ್ಗವನ್ನು ಮುಟ್ಟಿ ದಾಟಿದೆ. ಅದು ಪೂರ್ಣವಾದ ದಿನ ಗಡಿಯ ಬೆರಳುಗಳ ಹೆಣಿಗೆಯ ಮೂಲಕವೇ ಒಂದು ನೇರ ದಾರಿ ತೆರೆಯುವುದು. ಅದಕ್ಕಾಗಿ ಎರಡು ರಾಜ್ಯಗಳ ಜನರೂ ಒಂದೇ ದನಿಯಲ್ಲಿ ಕೇಳುತ್ತಲೇ ಇರಬೇಕು.

ಮಹನೀಯರೇ, ಇಷ್ಟು ಲೆಕ್ಕವನ್ನು ನಾವು ಹೇಳಿದುದು ಬಸ್ಸು ರೈಲುಗಳ ಸಲುವಾಗಿ ಮಾತ್ರವಲ್ಲ. ನಮ್ಮ ಮನೆಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ಮಕ್ಕಳ ಸಲುವಾಗಿ. ಆಂಧ್ರಪ್ರದೇಶದ ಸರ್ಕಾರವು ಗಡಿಯ ಊರುಗಳಲ್ಲಿ ಕನ್ನಡ ಶಾಲೆಗಳನ್ನು ನಡೆಸುತ್ತಿದೆ, ಕನ್ನಡದಲ್ಲಿ ಪಠ್ಯಪುಸ್ತಕಗಳನ್ನು ಅಚ್ಚುಮಾಡಿಸುತ್ತಿದೆ; ಅದಕ್ಕೆ ನಾವು ಕೃತಜ್ಞರು. ಆದರೆ ಹಳ್ಳಿಯ ಪ್ರಾಥಮಿಕ ಶಾಲೆಯನ್ನು ಮುಗಿಸಿದ ಹುಡುಗಿಗೆ ಮುಂದಿನ ಕನ್ನಡ ಹೈಸ್ಕೂಲು ಎಷ್ಟು ದೂರ? ಹತ್ತನೆಯ ತರಗತಿಯನ್ನು ಮುಗಿಸಿದವಳಿಗೆ ಮುಂದಿನ ಕನ್ನಡದ ದಾರಿ ಎಲ್ಲಿ? ಬಾಗೇಪಲ್ಲಿಯೋ, ಗೌರಿಬಿದನೂರೋ, ಮಧುಗಿರಿಯೋ, ಪಾವಗಡವೋ? ಭೂಪಟದಲ್ಲಿ 12 ಕಿಲೋಮೀಟರು ಎಂದು ಕಾಣುವ ಶಾಲೆಗೆ ಎರಡು ಬಸ್ಸು ಹತ್ತಬೇಕಾಗಿದ್ದರೆ, ಸಂಜೆಯ ಬಸ್ಸು ಕತ್ತಲಾದ ಮೇಲೆ ಊರು ಮುಟ್ಟುವಂತಿದ್ದರೆ, ಆ 12 ಕಿಲೋಮೀಟರು ಹುಡುಗನಿಗೆ ಒಂದು ದೂರ, ಹುಡುಗಿಗೆ ಬೇರೊಂದು ದೂರ. ತಂದೆಯು ಮಗಳನ್ನು ಹತ್ತಿರದ ಬೇರೆ ಮಾಧ್ಯಮದ ಶಾಲೆಗೆ ಸೇರಿಸುವನು, ಇಲ್ಲವೆ ಓದನ್ನೇ ಬಿಡಿಸುವನು. ಅವನಿಗೆ ಕನ್ನಡದ ಮೇಲೆ ಪ್ರೀತಿ ಕಡಿಮೆಯೆಂದು ನಾವು ವೇದಿಕೆಯ ಮೇಲೆ ನಿಂತು ದೂರುವುದು ಸುಲಭ. ಆದರೆ ಅವನಿಂದ ಕನ್ನಡವನ್ನು ಬಿಡಿಸಿದುದು ಸಂಜೆಯ ಆ ಬಸ್ಸು.

ಭಾಷೆಗಳು ಒಂದೇ ದಿನದಲ್ಲಿ ಮನೆಯನ್ನು ಬಿಟ್ಟುಹೋಗುವುದಿಲ್ಲ. ಹೀಗೆ ಅರ್ಧ ಗಂಟೆ, ಮುಕ್ಕಾಲು ಗಂಟೆಗಳ ಲೆಕ್ಕದಲ್ಲಿ ಜಾರುತ್ತವೆ. ಆದುದರಿಂದ ಅವನ್ನು ಉಳಿಸಿಕೊಳ್ಳುವ ಕೆಲಸವೂ ಅರ್ಧ ಗಂಟೆ, ಮುಕ್ಕಾಲು ಗಂಟೆಗಳ ಲೆಕ್ಕದಲ್ಲಿಯೇ ನಡೆಯಬೇಕು. ಈ ದೃಷ್ಟಿಯಿಂದ ಸಂಘದ ಮುಂದೆ ಒಂದು ಕೆಲಸವನ್ನು ಇಡುತ್ತೇವೆ. ಮುಂದಿನ ವಾರ್ಷಿಕೋತ್ಸವದೊಳಗೆ ನಾವು ದೂರದ ಪಟ್ಟಿಯೊಂದನ್ನು ಸಿದ್ಧಪಡಿಸೋಣ. ಕೊಡಿಕೊಂಡ, ಲೇಪಾಕ್ಷಿ, ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗಗಳ ಸುತ್ತಣ ಪ್ರತಿಯೊಂದು ಕನ್ನಡದ ಹಳ್ಳಿಯ ಹೆಸರನ್ನೂ ಬರೆಯೋಣ. ಹೆಸರಿನ ಮುಂದೆ ಸಮೀಪದ ಕನ್ನಡ ಹೈಸ್ಕೂಲು, ಪರೀಕ್ಷೆಯ ಕೇಂದ್ರ, ಕನ್ನಡ ಪುಸ್ತಕ ದೊರೆಯುವ ಸ್ಥಳ ಇವುಗಳನ್ನು ಕಾಣಿಸೋಣ. ಪ್ರತಿಯೊಂದಕ್ಕೂ ಕಿಲೋಮೀಟರನ್ನು ಮಾತ್ರ ಬರೆಯದೆ, ಮನೆಯ ಹೊಸ್ತಿಲಿನಿಂದ ಶಾಲೆಯ ಹೊಸ್ತಿಲಿಗೆ ಎಷ್ಟು ಹೊತ್ತು, ಎಷ್ಟು ಬಸ್ಸು, ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂಬುದನ್ನೂ ಬರೆಯೋಣ. ಈ ಕೆಲಸಕ್ಕೆ ಹಣ ಬೇಡ. ನಮ್ಮ ಹೈಸ್ಕೂಲಿನ ಮಕ್ಕಳೇ ಒಂದು ರಜೆಯಲ್ಲಿ ಮಾಡಬಲ್ಲರು.

ಅಂಥ ಪಟ್ಟಿ ಕೈಯಲ್ಲಿದ್ದರೆ ನಮ್ಮ ಮನವಿಗೆ ಬಲ ಬರುವುದು. "ಕನ್ನಡಕ್ಕೆ ಅನ್ಯಾಯವಾಗುತ್ತಿದೆ" ಎಂಬ ಅರ್ಜಿಯನ್ನು ಅಧಿಕಾರಿಗಳು ಓದಿ ಮಡಿಸಿ ಇಡಬಹುದು. "ಇಂಥ ಊರಿನಿಂದ ಇಂಥ ಶಾಲೆಗೆ ಸಂಜೆಯ ಬಸ್ಸನ್ನು ಮುಕ್ಕಾಲು ಗಂಟೆ ಮುಂಚೆ ಹೊರಡಿಸಿದರೆ ಇಷ್ಟು ಮಂದಿ ಹುಡುಗಿಯರು ಓದನ್ನು ಮುಂದುವರಿಸುವರು" ಎಂಬ ಅರ್ಜಿಗೆ ಉತ್ತರವನ್ನು ಕೊಡಲೇಬೇಕಾಗುವುದು. ಅದರ ಒಂದು ಪ್ರತಿಯನ್ನು ಆಂಧ್ರದ ಕಡೆಯ ಸಾರಿಗೆ ಹಾಗೂ ಶಿಕ್ಷಣ ಅಧಿಕಾರಿಗಳಿಗೂ, ಇನ್ನೊಂದನ್ನು ಕರ್ನಾಟಕದ ಕಡೆಯವರಿಗೂ ಒಪ್ಪಿಸೋಣ. ಇದರಲ್ಲಿ ತೆಲುಗಿನ ಸೋದರರ ಮೇಲೆ ಯಾವ ದೂರೂ ಇಲ್ಲ. ಅದೇ ಬಸ್ಸಿನಲ್ಲಿ ಅವರ ಮಕ್ಕಳೂ ಹೋಗುವರು. ಹೊತ್ತು ಉಳಿದರೆ ಇಬ್ಬರಿಗೂ ಉಳಿಯುವುದು.

ಸರ್ಕಾರದಿಂದ ಆಗಬೇಕಾದುದು ಇಷ್ಟಾದರೆ ನಮ್ಮಿಂದ ಆಗಬೇಕಾದುದೂ ಒಂದಿದೆ. ಒಂದು ವರ್ಷ ಈ ಉತ್ಸವ ಹಿಂದೂಪುರದ ಸೀಮೆಯಲ್ಲಿ ನಡೆದರೆ ಮರುವರ್ಷ ಕಲ್ಯಾಣದುರ್ಗದ ಸೀಮೆಯಲ್ಲಿ ನಡೆಯಲಿ. ನಮ್ಮ ಮಕ್ಕಳು ಅಲ್ಲಿಯ ಮನೆಗಳಲ್ಲಿ ಒಂದು ರಾತ್ರಿ ತಂಗಲಿ, ಅಲ್ಲಿಯವರು ನಮ್ಮ ಮನೆಗಳಲ್ಲಿ ತಂಗಲಿ. ಹೋಗಿ ಬಂದು ಮಾಡುವ ದಾರಿ ಸವೆದು ಚಿಕ್ಕದಾಗುವುದು. ಯಾರೂ ತುಳಿಯದ ದಾರಿಯಲ್ಲಿ ಜಾಲಿ ಬೆಳೆಯುವುದು. ಹಿಮದ ನಾಡಿನ ಆ ನೂರೈವತ್ತು ಮಂದಿಯೂ ತಮ್ಮ ನೆರೆಯೂರಿಗೆ ವಿಮಾನ ಬರುವುದನ್ನು ಬಿಟ್ಟಿಲ್ಲ. ಅವರಿಗೆ ನೆಲದ ದಾರಿಯಿಲ್ಲ. ನಮಗೆ ನೆಲದ ದಾರಿಯಿದೆ, ನದಿಯಿದೆ, ಒಂದೇ ನುಡಿಯಿದೆ.

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಕಾಗೆಗೆ 90 ಕಿಲೋಮೀಟರು, ವಿಮಾನಕ್ಕೆ 20 ಮಿನಿಟು, ಬಸ್ಸಿಗೆ ಅರ್ಧ ಹಗಲು. ಮೊದಲ ಎರಡನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಮೂರನೆಯದನ್ನು ಬದಲಿಸುವುದು ನಮ್ಮ ಕೈಯಲ್ಲಿದೆ. ಪಟ್ಟಿಯ ಕೆಲಸಕ್ಕೆ ಹೆಸರು ಕೊಡುವ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಈ ಸಭೆ ಮುಗಿದ ಕೂಡಲೆ ಕಾರ್ಯದರ್ಶಿಗಳನ್ನು ಕಾಣಬೇಕೆಂದು ಪ್ರಾರ್ಥಿಸುತ್ತೇವೆ.